ಲೆಕ್ಕ ಬಂದದ್ದಕ್ಕೆ ಕಳ್ಳಿಯಾದೆ

ಏಕೀಕರಣಕ್ಕೆ ಇನ್ನೂ ಎರಡು ವರ್ಷವಿತ್ತು. ನಮ್ಮ ಇಳಕಲ್ಲಿಗೆ ಆಗ ಮುಂಬಯಿ ಸರ್ಕಾರ. ನಾನು ಏಳನೇ ಇಯತ್ತೆಯಲ್ಲಿದ್ದೆ. ಏಳನೆಯದರ ಕೊನೆಗೆ ಮುಲ್ಕಿ ಪರೀಕ್ಷೆ. ಅದು ಪಾಸಾದವರಿಗೆ ಟ್ರೇನಿಂಗ್ ಮುಗಿಸಿದರೆ ಮಾಸ್ತರಿಕೆ ಸಿಗುತ್ತಿತ್ತು. ನಮ್ಮ ಓಣಿಯಲ್ಲಿ ಒಬ್ಬರು ಅಕ್ಕೋರು, ಅಂದರೆ ಹೆಣ್ಣು ಮಾಸ್ತರು, ಇದ್ದರು. ಅವರು ಕೊಡೆ ಹಿಡಿದು ಸಾಲೆಗೆ ಹೊರಟರೆ ಕಟ್ಟೆಯ ಮೇಲೆ ಕೂತ ಗಂಡಸರೂ ಮಾತು ನಿಲ್ಲಿಸಿ ನಮಸ್ಕಾರ ಮಾಡುತ್ತಿದ್ದರು. ನನಗೂ ಅಕ್ಕೋರಾಗಬೇಕಿತ್ತು, ಅಷ್ಟೇ. ಬೇರೆ ಏನೂ ಬೇಕಿರಲಿಲ್ಲ.

ನಮ್ಮಪ್ಪನದು ನೂಲಿನ ಅಂಗಡಿ. ಒಂದು ದಿನ ಊಟಕ್ಕೆ ಕೂತಾಗ ಖಡಾಖಂಡಿತ ಹೇಳಿಬಿಟ್ಟರು: "ಮಾಸ್ತರು ನಿನ್ನ ಹೆಸರು ಕಳಿಸಿದ್ರ ಪರೀಕ್ಷಾಕ್ಕ ಕೂಡು. ಕಳಿಸ್ಲಿಲ್ಲಂದ್ರ ಸಾಲಿ ಸಾಕು, ವರಾ ನೋಡ್ತೇನಿ."

ಹೆಸರು ಕಳಿಸುವುದು ಲೆಕ್ಕದ ಮಾಸ್ತರ ಕೈಯಲ್ಲಿತ್ತು. ಅವರ ಹೆಸರು ಬೇಡ, ಈಗ ಅವರಿಲ್ಲ. ನನಗೋ ಲೆಕ್ಕ ಬರುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಸ್ವಲ್ಪವೂ ಬರುತ್ತಿರಲಿಲ್ಲ. ಮಗ್ಗಿ ಹೇಳುವಾಗ ಹದಿಮೂರರ ಹತ್ತಿರ ಬಂದರೆ ನಾಲಿಗೆ ಒಣಗುತ್ತಿತ್ತು.

ಆಗಿನ ಸಾಲೆಗಳಲ್ಲಿ ಒಂದು ಪದ್ಧತಿಯಿತ್ತು. ನನ್ನ ವಯಸ್ಸಿನವರಿಗೆ ಗೊತ್ತಿರುತ್ತದೆ. ಉತ್ತರ ಹೇಳಿದವರು ಹೇಳದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯಬೇಕು. ಹುಡುಗರಿಗೆ ಹುಡುಗರು, ಹುಡುಗಿಯರಿಗೆ ಹುಡುಗಿಯರು. ನನ್ನ ಮೂಗು ಹಿಡಿಯುವ ಪಾಳಿ ಯಾವಾಗಲೂ ನನ್ನ ಗೆಳತಿ ಸುಶೀಲೆಯದು. ಪಾಪ, ಆಕೆ ಮೆಲ್ಲಗೆ ಹೊಡೆದರೆ ಮಾಸ್ತರು ಆಕೆಗೇ ಒಂದು ಬಿಗಿಯುತ್ತಿದ್ದರು. "ಜೋರ್ ಹೊಡಿ! ಕಲ್ಲಿಗೆ ಹೊಡದ್ರ ಕಲ್ಲಿಗೆ ನೋವಾಗಂಗಿಲ್ಲ" ಎಂದು ನಗುತ್ತಿದ್ದರು. ಇಡೀ ವರ್ಗ ನಗುತ್ತಿತ್ತು. ಗೆಳತಿ ಗೆಳತಿಗೆ ಹೊಡೆಯುವುದನ್ನು ನೋಡಿ ನಗುವುದೂ ಒಂದು ವಿದ್ಯೆಯೇ? ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮಪ್ಪನ ತಮ್ಮ ಮಲ್ಲಪ್ಪ ಕಾಕಾ ಹುನಗುಂದದಲ್ಲಿ ಕಾರಕೂನರಾಗಿದ್ದರು. ಮುಲ್ಕಿಗೆ ಮೂರು ಸಲ ಕೂತು ಪಾಸಾದವರು. ಹಾಗಾಗಿ ಊರಲ್ಲಿ ಅವರಿಗೆ 'ಮುಲ್ಕಿ ಮಲ್ಲಪ್ಪ' ಎಂದೇ ಹೆಸರು. ಒಂದು ರವಿವಾರ ಅವರು ಮನೆಗೆ ಬಂದಾಗ ನಾನು ಪಾಟಿ ಹಿಡಿದು ಕೂತಿದ್ದೆ. ಲೆಕ್ಕ ತಪ್ಪಿತ್ತು. ಉಗುಳು ಹಚ್ಚಿ ಅಂಗೈಯಿಂದ ಒರೆಸಹೋದೆ. ಕಾಕಾ ಗಪ್ಪನೆ ಕೈ ಹಿಡಿದರು.

"ಯಾಕ ಅಳಸ್ತಿ? ಎಲ್ಲಿ ತಪ್ಪೇತಿ ಅಂತ ನೋಡಲಾರದ ಅಳಸಿದ್ರ ನಾಳಿ ಮತ್ತ ಅಲ್ಲೇ ತಪ್ಪತಿ."

"ನನ್ನ ತಲಿಗೆ ಹತ್ತೂದಿಲ್ಲ ಕಾಕಾ. ಮಾಸ್ತರು ಹೇಳ್ಯಾರ, ನಂದು ಕಲ್ಲು ಅಂತ."

"ನನಗೂ ಹಂಗ ಅಂದಿದ್ರವಾ. ಮದಲನೇ ಸಲ ನನಗ ಬಡ್ಡಿ ಲೆಕ್ಕಾನ ತಿಳಿದಿದ್ದಿಲ್ಲ. ಎರಡನೇ ಸಲ ಅದು ತಿಳೀತು, ಅಪೂರ್ಣಾಂಕ ಕೈಕೊಟ್ತು. ಮೂರನೇ ಸಲ ಅದೂ ಬಂತು. ಮಂದಿ ನಕ್ಕದ್ದು ನಕ್ರು, ನಾ ಕಲತದ್ದು ಕಲತೆ."

ಅವತ್ತಿನಿಂದ ತಪ್ಪಿದ ಲೆಕ್ಕ ಅಳಿಸುವುದನ್ನು ಬಿಟ್ಟೆ. ಪಾಟಿ ಸಾಲದೆ ಹಿತ್ತಲ ಗೋಡೆಗೆಲ್ಲ ಇದ್ದಲಿನಿಂದ ಬರೆದೆ. ಅವ್ವ ಬೈದಳು. ಪ್ರತಿ ತಪ್ಪನ್ನೂ ಎರಡನೇ ಸಲ, ಮೂರನೇ ಸಲ ನೋಡುತ್ತಿದ್ದೆ. ರವಿವಾರ ಕಾಕಾ ಬಂದರೆ ಆ ಗೋಡೆಯೇ ನಮ್ಮ ಸಾಲೆ. ಉತ್ತರ ಬಂದಿತೆಂದು ನಾನು ಕುಣಿದರೆ, "ತಡಿ, ಇದು ಖರೇನ ಆಗೂ ಮಾತೇನು ಕೇಳ್ಕೋ" ಎನ್ನುತ್ತಿದ್ದರು. ಒಮ್ಮೆ ನನ್ನ ಲೆಕ್ಕದಲ್ಲಿ ಮಗ ಅಪ್ಪನಿಗಿಂತ ಹಿರಿಯನಾಗಿದ್ದ! ಕಾಕಾ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲಿ ವಿಷ ಇರಲಿಲ್ಲ. ಎಷ್ಟೋ ದಿನ ಒಂದು ಲೆಕ್ಕವೂ ಹತ್ತದೆ ಅತ್ತಿದ್ದೂ ಉಂಟು. ಆದರೂ ದೀಪಾವಳಿ ಕಳೆಯುವ ಹೊತ್ತಿಗೆ ಅಪೂರ್ಣಾಂಕ, ಅಂದರೆ ಭಿನ್ನರಾಶಿ, ನನಗೆ ಹೆದರಿಕೆಯ ವಸ್ತುವಾಗಿ ಉಳಿದಿರಲಿಲ್ಲ.

ಮುಲ್ಕಿಗೆ ಹೆಸರು ಕಳಿಸುವ ಮುಂಚೆ ಮಾಸ್ತರು ಒಂದು ಪರೀಕ್ಷೆ ಇಟ್ಟರು. ಮರುದಿನ ಉಳಿದವರ ಉತ್ತರ ಪತ್ರಿಕೆ ಹಂಚಿದವರೇ ನನ್ನದನ್ನು ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತರು.

"ಗಂಗಿ, ಏಳು. ಯಾರದು ನೋಡಿ ಬರದಿ?"

"ನಾನ ಮಾಡೇನ್ರಿ ಮಾಸ್ತರ."

"ನೀ ಮಾಡಿದಿ? ಒಂದ ಬಿಟ್ಟು ಎಲ್ಲಾ ಬರೋಬ್ಬರಿ ಐತಿ. ನಿನ್ನ ತಲಿಯೊಳಗ ಏನೈತಿ ಅಂತ ನನಗ ಗೊತ್ತಿಲ್ಲೇನು? ಸುಶೀಲಾನ ಬಾಜೂಕ ಕುಂತಿದ್ದಿ. ಕಳ್ಳಿ!"

ಹೇಳಿ, ಇದು ನ್ಯಾಯವೇ? ಬಾರದಿದ್ದಾಗ ಕಲ್ಲು, ಬಂದರೆ ಕಳ್ಳಿ. ಹಾಗಾದರೆ ಹುಡುಗಿ ಮಾಡಬೇಕಾದರೂ ಏನು? ಅಲ್ಲಿಯ ತನಕ ತಿಂದ ಏಟುಗಳನ್ನೆಲ್ಲ ನಾನು ಸಹಿಸಿದ್ದೆ. ಬರುವುದಿಲ್ಲ, ಹೊಡೆಯುತ್ತಾರೆ ಎಂದು ಸುಮ್ಮನಿದ್ದೆ. ಈ ಒಂದು ಮಾತು ಮಾತ್ರ ನುಂಗಲಾಗಲಿಲ್ಲ.

ಸುಶೀಲೆ ತನ್ನ ಪತ್ರಿಕೆಯನ್ನೂ ಮಾಸ್ತರ ಕೈಯಲ್ಲಿದ್ದ ನನ್ನದನ್ನೂ ನೋಡಿ ಎದ್ದು ನಿಂತಳು. "ಇಲ್ರಿ, ಆಕಿ ನನ್ನ ಕಡೆ ನೋಡಿಲ್ರಿ. ನಂದು ನಾಲ್ಕನೇದು ತಪ್ಪೇತ್ರಿ, ಆಕೀದು ಬರೋಬ್ಬರಿ ಐತ್ರಿ."

ತಪ್ಪು ನೋಡಿ ಸರಿ ಬರೆಯುವುದು ಹೇಗೆ ಸಾಧ್ಯ? ಯಾವ ಕೂಸಿಗಾದರೂ ತಿಳಿಯುತ್ತದೆ. ಮಾಸ್ತರಿಗೆ ತಿಳಿಯಲಿಲ್ಲ, ಅಥವಾ ತಿಳಿಯುವುದು ಬೇಕಿರಲಿಲ್ಲ. "ಹಂಗಾರ ಮತ್ತ್ಯಾರದೋ ನೋಡ್ಯಾಳ. ನಿನ್ನ ಹೆಸರು ಕಳಿಸಂಗಿಲ್ಲ, ಹೋಗು" ಎಂದು ಪತ್ರಿಕೆ ಬಿಸಾಡಿದರು.

ಅಪ್ಪನ ಮಾತು ನೆನಪಾಯಿತು. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. "ಬೋರ್ಡಿನ ಮ್ಯಾಲ ಒಂದು ಲೆಕ್ಕಾ ಕೊಡ್ರಿ. ಅಲ್ಲಿ ಯಾರದು ನೋಡ್ಲಿ?" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮಾಸ್ತರು ಕೊಟ್ಟರು. ಒಂದು ನಳ ಆರು ತಾಸಿನಲ್ಲಿ ತೊಟ್ಟಿ ತುಂಬಿಸುತ್ತದೆ, ಇನ್ನೊಂದು ನಾಲ್ಕು ತಾಸಿನಲ್ಲಿ. ತೊಟ್ಟಿಯ ಬುಡದ ತೂತಿನಿಂದ ತುಂಬಿದ ನೀರೆಲ್ಲ ಹನ್ನೆರಡು ತಾಸಿನಲ್ಲಿ ಹರಿದುಹೋಗುತ್ತದೆ. ಮೂರೂ ತೆರೆದಿದ್ದರೆ ಎಷ್ಟು ತಾಸಿಗೆ ತುಂಬುತ್ತದೆ? ನಾನು ಬೋರ್ಡಿಗೆ ಹೋಗಿ ಖಡು ಹಿಡಿದು ಗಡಗಡ ಬರೆದೆ. ಎರಡು ತಾಸು.

"ತಪ್ಪು!" ಮಾಸ್ತರ ಮುಖ ಅರಳಿತು. "ನೋಡಿದ್ರೇನು? ಕಳ್ಳಿ ಸಿಕ್ಕಳು." ಹುಡುಗರು ಹೋ ಎಂದು ನಕ್ಕರು. ಅಳಿಸಲು ಅರಿವೆ ಕೈಗೆ ತೆಗೆದುಕೊಂಡರು.

"ಅಳಸಬ್ಯಾಡ್ರಿ!" ಎಂದು ಕೂಗಿಯೇಬಿಟ್ಟೆ. "ತಪ್ಪ ಐತಿ ಖರೆ. ಎಲ್ಲಿ ಐತಿ ಹುಡಕ್ತೇನಿ, ತಡೀರಿ."

ಇದು ಆಗುವ ಮಾತೇ ಎಂದು ಕೇಳಿಕೊಂಡೆ. ತೂತು ಇಲ್ಲದೆ ಎರಡೇ ನಳ ಬಿಟ್ಟರೂ ತುಂಬಲು ಎರಡು ತಾಸಿನ ಮೇಲೆ ಬೇಕು. ತೂತಿದ್ದಾಗ ಅದಕ್ಕಿಂತ ಬೇಗ ಹೇಗೆ ತುಂಬೀತು? ಹೊರಗೆ ಹೋಗುವ ನೀರನ್ನು ನಾನು ಒಳಗೆ ಬರುವ ನೀರಿಗೆ ಕೂಡಿಸಿಬಿಟ್ಟಿದ್ದೆ! ಅದನ್ನೇ ವರ್ಗಕ್ಕೆ ಕೇಳುವ ಹಾಗೆ ಹೇಳಿದೆ. ಕೂಡಿಸಿದ್ದನ್ನು ಕಳೆದು ಕೆಳಗೆ ಬರೆದೆ. ಮೂರು ತಾಸು.

ಮಾಸ್ತರು ಬೋರ್ಡನ್ನೇ ನೋಡುತ್ತ ನಿಂತರು. "ಹ್ಞೂಂ, ಕೂಡು" ಎಂದರು. ಅಷ್ಟೇ. ಕಳ್ಳಿ ಅಂದದ್ದು ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಹೆಸರನ್ನೇನೋ ಕಳಿಸಿದರು.

ಕಾಕಾ ನನ್ನನ್ನು ಬಾಗಲಕೋಟೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಬರೆಯಿಸಿದರು. ಪಾಸಾದೆ. ಅಪ್ಪ ಖುಷಿಯಿಂದ ಅಂಗಡಿಯಲ್ಲಿ ಬಂದವರಿಗೆಲ್ಲ ಪೇಢೆ ಹಂಚಿಸಿದರು. ನಾನೇ ತಾಟು ಹಿಡಿದು ನಿಂತಿದ್ದೆ. ಮಾಸ್ತರೂ ಬಂದರು. ಪೇಢೆ ಬಾಯಿಗೆ ಹಾಕಿಕೊಂಡು ಅಪ್ಪನಿಗೆ ಹೇಳಿದರು: "ನಿಮ್ಮ ಗಂಗಿ ಹುಟ್ಟಾ ಶ್ಯಾಣ್ಯಾಕಿ ಬಿಡ್ರಿ. ನಾ ಮದಲಿಂದ ಹೇಳ್ಕೋತ ಬಂದೇನಿ."

ಅಬ್ಬಬ್ಬಾ! ಕಲ್ಲು ಅಂದಾಗ ಅತ್ತಿದ್ದೆ, ಕಳ್ಳಿ ಅಂದಾಗ ಸಿಟ್ಟಿಗೆದ್ದಿದ್ದೆ. ಈ ಹೊಗಳಿಕೆ ಮಾತ್ರ ಅವೆರಡಕ್ಕಿಂತ ಹೆಚ್ಚು ಉರಿಸಿತು. ಅಪ್ಪ ಹಿಗ್ಗಿ ಹೀರೇಕಾಯಿಯಾಗಿದ್ದರು. ನಾನು ಸುಮ್ಮನಿರಲಿಲ್ಲ.

"ಇಲ್ರಿ ಮಾಸ್ತರ. ನಾ ಹುಟ್ಟಾ ಶ್ಯಾಣ್ಯಾಕಿ ಅಲ್ರಿ. ನನಗ ಬರ್ತಿದ್ದಿಲ್ಲ ಅನ್ನೋದು ಖರೆ. ನೀವು ಹೊಡಸಿದ್ದೂ ಖರೆ. ಆಮ್ಯಾಲ ನಾ ಕುಂತು ಕಲತದ್ದೂ ಖರೆ. ಅದನ್ನ ಹೇಳ್ರಿ, ಸಾಕು."

"ಏ ಹುಚ್ಚಿ, ಮಾಸ್ತರಿಗೆ ಹಂಗ ಮಾತಾಡ್ತಾರೇನು?" ಎಂದು ಅಪ್ಪ ಗದರಿದರು. ಮಾಸ್ತರು ಧೋತರದ ಚುಂಗಿಗೆ ಕೈ ಒರೆಸಿಕೊಂಡು ಹೊರಟುಹೋದರು. ಹಿಂದೆ ರೊಕ್ಕದ ಗಲ್ಲೆಯ ಹತ್ತಿರ ಕೂತಿದ್ದ ಕಾಕಾ ಮುಖ ಆಚೆ ತಿರುಗಿಸಿದ್ದರು, ನಗುವಿಗೆ ಅವರ ಹೆಗಲು ಕುಲುಕುತ್ತಿತ್ತು.

ನಾನು ಅಕ್ಕೋರಾದೆ. ನಿವೃತ್ತಿಯಾಗುವ ತನಕ ನನ್ನ ವರ್ಗದಲ್ಲಿ ಯಾರೂ ಯಾರ ಮೂಗನ್ನೂ ಹಿಡಿಯಲಿಲ್ಲ. ಆದರೆ ಆ ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ. ಮೊನ್ನೆ ನನ್ನ ಮೊಮ್ಮಗಳು ಎರಡು ಸಲ ಬಿದ್ದ ಪರೀಕ್ಷೆಯನ್ನು ಪಾಸು ಮಾಡಿಕೊಂಡು ಬಂದಳು. ಬಾಜೂ ಮನೆಯವರು ಬಂದು, "ಏನ್ ಬಿಡ್ರಿ ಅಕ್ಕೋರ, ನಿಮ್ಮ ತಲೀನ ಬಂದೈತಿ ಆಕಿಗೆ" ಅಂದರು. ನಾನು ಸಕ್ಕರೆ ಕೊಡುವ ಕೈ ಹಿಂದಕ್ಕೆಳೆದುಕೊಂಡು ಹೇಳಿದೆ, "ನನ್ನ ತಲಿ ನನ್ನ ಕಡೇನ ಐತ್ರಿ. ಪಾಸ್ ಆದಾಕಿ ಆಕಿ."