ಮಲ್ಲಿಗೆ ಕಟ್ಟುವ ಕೈ ಇನ್ಸುಲಿನ್ ಕಟ್ಟಿದಾಗ

ವತ್ತಲಗುಂಡು ಬಸ್ ಸ್ಟ್ಯಾಂಡ್ ಎದುರು ಸೈಕಲ್ ಒರಗಿಸಿ ಬೆರಳು ಚುಚ್ಚಿಕೊಂಡೆ. ಮೀಟರ್‌ನಲ್ಲಿ 348.

ನಂಬಿಕೆಯಾಗದೆ ಇನ್ನೊಂದು ಬೆರಳು ಚುಚ್ಚಿದೆ. 352.

ಬೆಳಗಿನ ಇಡ್ಲಿಗೆ ಲೆಕ್ಕವಾಗಿ ಇನ್ಸುಲಿನ್ ಹಾಕಿಕೊಂಡಿದ್ದೆ, ಆಮೇಲೆ ಒಂದೂವರೆ ಗಂಟೆ ಪೆಡಲ್ ತುಳಿದಿದ್ದೆ. ಇಳಿಯಬೇಕಾದ ಶುಗರ್ ಏರಿ ಕೂತಿದೆ...

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹನ್ನೊಂದನೇ ವಯಸ್ಸಿನಿಂದ ನನಗೆ ಟೈಪ್ ಒನ್ ಡಯಾಬಿಟಿಸ್, ಈಗ ಮೂವತ್ತೆರಡು. ತಮಿಳುನಾಡಿನ ತೇವಾರಂನಲ್ಲಿ ಅವ್ವ ಮತ್ತು ನಾನು ಇಬ್ಬರೇ.

ಕೂತಲ್ಲಿ ಕೂರುವವಳಲ್ಲ ನಾನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದೆ ಅಂತ ಅವ್ವ ಬೈಯುತ್ತಲೇ ಇರುತ್ತಾಳೆ.

ಎರಡು ವರ್ಷ ಮೈಸೂರಿನಲ್ಲಿ ಕೆಲಸಕ್ಕಿದ್ದೆ, ಈ ಕನ್ನಡ ಅಕ್ಷರ ಕಲಿತದ್ದೂ ಅಲ್ಲೇ. ಈಗ ಊರಿಂದ ಅಲ್ಲಿಗೆ ಸೈಕಲ್‌ನಲ್ಲೇ ಹೋಗಬೇಕು ಅಂತ ಹಠ ಹಿಡಿದೆ. ಮೊದಲು ದಿಂಡುಗಲ್‌ನ ಚಿಕ್ಕವ್ವನ ಮನೆ ಮುಟ್ಟು ಅಂದಳು ಅವ್ವ.

"ಮದ್ದು ಕೆಡದಂಗೆ ಹೋಗಿ ಸೇರು ಕಣ್ಣು. ಆಮೇಲೆ ಮೈಸೂರು ಮಾತು."

ಮೂರು ತಿಂಗಳು ಸೈಕಲ್ ಜೊತೆ ಗುದ್ದಾಡಿದೆ.

ನನ್ನದು ರೋಡ್ ಬೈಕ್. ಓಡಲು ಮಾಡಿದ್ದು, ಹೊರಲು ಅಲ್ಲ. ಕ್ಯಾರಿಯರ್ ಕೂರಿಸೋಣವೆಂದರೆ ಫ್ರೇಮ್‌ನಲ್ಲಿ ಒಂದು ತೂತೂ ಇಲ್ಲ.

ಪಕ್ಕದ ಬೋಡಿ ಪೇಟೆಯಲ್ಲಿ ಹಾಲಿನ ಕ್ಯಾನ್ ಸೈಕಲ್‌ಗಳಿಗೆ ಕ್ಯಾರಿಯರ್ ಮಾಡುವ ವೆಲ್ಡಿಂಗ್ ಅಣ್ಣ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಇದು ಆಳ್ ತಾಂಗುಮಾ ಮ್ಮಾ?" ಅಂದರು. ಆಳನ್ನಾದರೂ ತಡೆದೀತೇ ಅಂತ. ಆಮೇಲೆ ಫ್ರೇಮಿಗೆ ಹಳೇ ಟ್ಯೂಬ್ ಸುತ್ತಿ, ಕ್ಲಾಂಪ್ ಹಾಕಿ ಕ್ಯಾರಿಯರ್ ಕೂರಿಸಿಯೇ ಕಳಿಸಿದರು.

ಬ್ಯಾಗ್ ಹಾಕಿದರೆ ಪ್ರತಿ ತುಳಿತಕ್ಕೂ ಹಿಮ್ಮಡಿ ಬಡಿಯುತ್ತಿತ್ತು. ಹಿಂದಕ್ಕೆ ಸರಿಸಿದರೆ ಬೋಡಿಮೆಟ್ಟು ಘಾಟಿಯ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಅಲೆಯಿತು. ನೀರು, ಟೂಲ್ಸ್ ಎಲ್ಲ ಮುಂದಕ್ಕೆ ತಂದೆ, ಟೈರ್ ಕೊಂಚ ದಪ್ಪದ್ದು ಹಾಕಿಸಿದೆ. ಸಂಜೆ ಬಿಗಿದ ಬೋಲ್ಟನ್ನು ಬೆಳಿಗ್ಗೆ ಎದ್ದು ಬಿಚ್ಚುತ್ತಿದ್ದೆ, ಸಮಾಧಾನವೇ ಇಲ್ಲ.

ಕೊನೆಗೆ ಉಳಿದದ್ದು ಇನ್ಸುಲಿನ್. ನಮ್ಮ ಬಿಸಿಲಿಗೆ ಅದು ತಡೆಯುವುದಿಲ್ಲ.

ದಪ್ಪ ಹತ್ತಿ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಒದ್ದೆ ಮಾಡಿ ಹ್ಯಾಂಡಲ್ ಕೆಳಗೆ ನೇತುಹಾಕಿದೆ. ಗಾಳಿ ಬಡಿದಷ್ಟೂ ತಂಪು. ಒಳಗೆ ಥರ್ಮಾಮೀಟರ್ ಇಟ್ಟು ಹತ್ತು ದಿನ ಓಡಿಸಿ ನೋಡಿದೆ, 27 ಡಿಗ್ರಿ ದಾಟಲಿಲ್ಲ.

ಅವ್ವನಿಗೆ ಥರ್ಮಾಮೀಟರ್ ಮೇಲೂ ನಂಬಿಕೆ ಇಲ್ಲ. ಅವಳು ಮಲ್ಲಿಗೆ ವ್ಯಾಪಾರದವಳು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಪೊಟ್ಟಣಗಳ ನಡುವೆ ಮೊಗ್ಗು ತುಂಬಿ ದೂರದ ಮಾರ್ಕೆಟ್‌ಗೆ ಕಳಿಸಿ ಕಳಿಸಿ ಪಳಗಿದ ಕೈ.

"ಒದ್ದೆ ಬಟ್ಟೆ ನಂಬಿ ನಾನು ಪೂವೇ ಕಳಿಸಲ್ಲ. ನೀನು ಮದ್ದು ತಗೊಂಡ್ ಹೋಗ್ತೀಯಾ?"

ಹೊರಡುವ ದಿನ ಬೆಳಿಗ್ಗೆ ಐದಕ್ಕೆ ಚೀಲವನ್ನು ತಾನೇ ತಂದು ಹ್ಯಾಂಡಲ್‌ಗೆ ಕಟ್ಟಿದಳು. ಸದ್ಯ ಒಪ್ಪಿದಳಲ್ಲ ಅಂದುಕೊಂಡೆ. ಹೊರಡುವ ಧಾವಂತದಲ್ಲಿ ಒಳಗೆ ಇಣುಕಲೂ ಇಲ್ಲ.

ಪೆರಿಯಕುಳಂನಲ್ಲಿ ಇಡ್ಲಿಗೆ ಕೂತಾಗ ಬಿಚ್ಚಿ ನೋಡಿದರೆ, ಇನ್ಸುಲಿನ್ ಪೆನ್ನಿನ ಎರಡೂ ಕಡೆ ಮುಕ್ಕಾಲು ಕರಗಿದ ಐಸ್ ಪೊಟ್ಟಣ. ಬಾಳೆನಾರಿನಲ್ಲಿ ಬಿಗಿದ ಗಂಟು, ಅವ್ವ ಹೂ ಕಟ್ಟುವ ಅದೇ ಗಂಟು.

ನಗು ಬಂತು. ಚುಚ್ಚಿಕೊಂಡು, ತಿಂದು, ಹೊರಟೇಬಿಟ್ಟೆ.

ವತ್ತಲಗುಂಡಿನಲ್ಲಿ ಎರಡನೇ ಬೆರಳೂ ಚುಚ್ಚಿದ ಮೇಲೆ ಹೊಳೆಯಿತು. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಆಮೇಲೆ ಕರಗಿ ನೋಡಲು ಚೆನ್ನಾಗೇ ಇದ್ದರೂ ಕೆಲಸ ಮಾಡುವುದಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಇಷ್ಟು ವರ್ಷ ಓದಿದ್ದೇನೆ, ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಅದೃಷ್ಟಕ್ಕೆ ಟೂಲ್ಸ್ ಡಬ್ಬಿಯಲ್ಲಿ ಹಳೇ ಪೆನ್ನೊಂದಿತ್ತು, ನಾಲ್ಕು ದಿನದಿಂದ ಬಳಸುತ್ತಿದ್ದದ್ದು. ಅದಕ್ಕೆ ಐಸೂ ಇಲ್ಲ, ಒದ್ದೆ ಬಟ್ಟೆಯೂ ಇಲ್ಲ. ಅದನ್ನೇ ಚುಚ್ಚಿಕೊಂಡು ಬೇವಿನ ನೆರಳಲ್ಲಿ ನೀರು ಕುಡಿಯುತ್ತಾ ಕೂತೆ.

ಕೂತೆ ಅನ್ನುವುದು ಮಾತಿಗೆ. ಏಳುತ್ತೇನೆ, ಬ್ರೇಕ್ ಒತ್ತಿ ನೋಡುತ್ತೇನೆ, ಬಿಗಿಯಾಗಿರುವ ಬೋಲ್ಟನ್ನೇ ಮತ್ತೆ ಬಿಗಿಯುತ್ತೇನೆ. ಎದುರಿಗೇ ಕಂಡಕ್ಟರ್ "ದಿಂಡುಕ್ಕಲ್, ದಿಂಡುಕ್ಕಲ್" ಅಂತ ಕೂಗುತ್ತಿದ್ದಾರೆ. ಸೈಕಲ್ ಬಸ್ ಮೇಲೆ ಹಾಕಿದರೆ ಒಂದು ಗಂಟೆ, ಆದರೆ ಮೈಸೂರು ಅಲ್ಲಿಗೆ ಮುಗಿಯಿತು. ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ.

290. ಇನ್ನೊಂದು ಗಂಟೆಗೆ 220. ಮತ್ತೆ ಕಾದು 175 ಕಂಡ ಮೇಲೆ ಸೈಕಲ್ ಹತ್ತಿದೆ.

ಚಿಕ್ಕವ್ವನ ಮನೆ ಮುಟ್ಟಿದಾಗ ಸಂಜೆ ನಾಲ್ಕೂವರೆ. ಶೂ ಬಿಚ್ಚುವ ಮೊದಲೇ ಅವ್ವನ ಫೋನ್.

"ಮದ್ದು ಹೆಂಗಿತ್ತು ಕಣ್ಣು?"

"ಜಿಲ್ಲಂತ ಇತ್ತವ್ವಾ." ಬಾಯಿಂದ ಬಂದೇಬಿಟ್ಟಿತು.

"ಇರದೇ ಏನು? ರಾತ್ರಿಯೆಲ್ಲ ಐಸ್ ಜೊತೆ ಫ್ರೀಜರ್‌ನಾಗೇ ಇಟ್ಟಿದ್ದೆ, ನಿಂಗೆ ಹೇಳ್ಲಿಲ್ಲ."

ಆಮೇಲೆ ಅಂದಳು: "ಇನ್ನ ನಂಗೆ ಭಯ ಇಲ್ಲ. ಮೈಸೂರಿಗೆ ಹೋಗ್ ಬಾ. ಐಸ್ ನಾನೇ ಕಟ್ಟಿ ಕೊಡ್ತೀನಿ."

ಇಪ್ಪತ್ತೊಂದು ವರ್ಷದಲ್ಲಿ ನನ್ನ ವಿಷಯಕ್ಕೆ ಅವ್ವ ಭಯ ಇಲ್ಲ ಅಂದದ್ದು ಇದೇ ಮೊದಲು. ನನಗೆ ಅಳು ಬಂತು, ಚಿಕ್ಕವ್ವ ಸುಸ್ತಾಗಿರಬೇಕು ಅಂದುಕೊಂಡರು.

ಈ ಸೋಮವಾರ ಹೊರಡುತ್ತೇನೆ. ಸೈಕಲ್ ಸಿದ್ಧ, ಕ್ಯಾರಿಯರ್ ಅಲ್ಲಾಡುವುದಿಲ್ಲ. ಫ್ರೀಜರ್‌ನಲ್ಲಿ ಅವ್ವ ಆಗಲೇ ಆರು ಪೊಟ್ಟಣ ನೀರು ಇಟ್ಟಿದ್ದಾಳೆ.

ಅವ್ವನಿಗೆ ಮನೆಮಾತು ಕನ್ನಡವಾದರೂ ಓದಲು ಬರುವುದು ತಮಿಳು ಮಾತ್ರ. ಅದಕ್ಕೇ ಇದನ್ನು ಧೈರ್ಯವಾಗಿ ಇಲ್ಲಿ ಬರೆದೆ.

ನೀವೇ ಹೇಳಿ... ಅವ್ವನಿಗೆ ನಿಜ ತಿಳಿಸಿ, ಹೋದ ಭಯವನ್ನು ಮತ್ತೆ ಅವಳ ಕೈಗೆ ಕೊಡಲೇ?