ನೀರಪಟ್ಟಿಯೂ ಪಡಸಾಲೆಯ ಕಂಬವೂ

ಹನ್ನೊಂದು ವರ್ಷ ನಾನು ನಮ್ಮ ಭಾವನವರ ಜೊತೆ ಕಂಬದ ಮೂಲಕ ಮಾತಾಡಿದ್ದೇನೆ. ಭಾವ ಎಂದರೆ ನನ್ನ ಗಂಡನ ಅಣ್ಣ, ಮನೆಗೆ ಹಿರಿಯರು. ತಾಂಬಾದಿಂದ ಇಂಡಿಗೆ ಸೊಸೆಯಾಗಿ ಬಂದ ದಿನವೇ ಅತ್ತೆ ಹೇಳಿಕೊಟ್ಟಿದ್ದರು: ಭಾವನ ಎದುರು ಕೂಡ್ರಬಾರದು, ತಲೆಯ ಮೇಲಿನ ಸೆರಗು ಜಾರಬಾರದು, ಮುಖ ನೋಡಿ ಮಾತಾಡಬಾರದು. ಹೇಳಲೇಬೇಕಾದದ್ದು ಬಂದರೆ? ಅದಕ್ಕೇ ಪಡಸಾಲೆಯಲ್ಲಿ ಕಂಬವಿತ್ತು. ‘ರೊಟ್ಟಿ ಆಗ್ಯಾವಂತ ಹೇಳ್ರಿ’ ಎಂದು ನಾನು ಕಂಬಕ್ಕೆ ಹೇಳುವುದು, ಕಂಬದ ಆಚೆ ಕೂತ ಭಾವ ‘ಹ್ಞೂಂ’ ಎಂದು ಕೈ ತೊಳೆಯಲು ಏಳುವುದು. ಆ ಹ್ಞೂಂ ಕೂಡ ನನಗಲ್ಲ, ರೊಟ್ಟಿಗೆ.

ಎಪ್ಪತ್ತರ ದಶಕದಲ್ಲಿ ಪುರಸಭೆಯ ಚುನಾವಣೆ ಬಂತು. ಭಾವ ಹಿಂದಿನಿಂದಲೂ ಸದಸ್ಯರು. ಹೆಂಗಸರಿಗೆ ಮೀಸಲಾದ ಜಾಗಕ್ಕೆ, ಮನೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ಇವಳೊಬ್ಬಳೇ ಎಂದು ನನ್ನ ಹೆಸರು ಬರೆಸಿದರು. ‘ಸಭಾದಾಗ ನಮ್ಮ ಕಡೆ ಇನ್ನೊಂದು ಕೈ ಇರಲಿ’ ಎಂದು ಭಾವ ನನ್ನ ಗಂಡನಿಗೆ ಹೇಳಿದ್ದು ಅಡಿಗೆಮನೆಗೆ ಕೇಳಿಸಿತು. ಅವರಿಗೆ ಬೇಕಿದ್ದದ್ದು ಕೈ. ಕೈಯ ಜೊತೆ ಬಾಯಿಯೂ ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಸುಳ್ಳೇಕೆ ಹೇಳಲಿ. ಭಾವ ಕೂತಲ್ಲಿ ಕೂಡ್ರಲಾಗದೆ ಮೊದಲ ವರ್ಷದ ಸಭೆಗಳನ್ನೆಲ್ಲ ಬಾಗಿಲ ಹತ್ತಿರ ನಿಂತೇ ಕಳೆದೆ. ಅವರು ಕೈ ಎತ್ತಿದಾಗ ಎತ್ತಿದೆ, ಇಳಿಸಿದಾಗ ಇಳಿಸಿದೆ.

ಆಮೇಲೆ ನೀರಪಟ್ಟಿಯ ವಿಷಯ ಬಂತು. ನಳದ ನೀರಿಗೆಂದು ಹಾಕುವ ಕರವನ್ನು ನಮ್ಮಲ್ಲಿ ನೀರಪಟ್ಟಿ ಎನ್ನುತ್ತಾರೆ. ಊರಿಗೆಲ್ಲ ಪೈಪು ಹಾಕಿಸಲು ಐದು ವರ್ಷದ ಮಟ್ಟಿಗೆ ಎಂದು ಅದನ್ನು ಹೇರಿದ್ದರು. ಐದು ವರ್ಷ ಮುಗಿಯುತ್ತ ಬಂದಿತ್ತು, ಪೈಪು ಮಾತ್ರ ಪೇಟೆ ದಾಟಿ ನಮ್ಮ ಕೆಳಗಿನ ಓಣಿಗೆ ಬಂದಿರಲಿಲ್ಲ. ಪಟ್ಟಿಯನ್ನು ಇನ್ನೂ ಮೂರು ವರ್ಷ ಮುಂದುವರಿಸಿದರೆ ನಮ್ಮ ಓಣಿಗೂ ನಳ, ಇಲ್ಲವಾದರೆ ಕೆಲಸ ಅಲ್ಲಿಗೇ ನಿಂತಂತೆ. ಹಾಗೆಂದು ಸಭೆಯ ಮುಂದೆ ಬಂದ ಠರಾವಿಗೆ, ಅಂದರೆ ನಿರ್ಣಯಕ್ಕೆ, ಭಾವ ವಿರುದ್ಧ. ಜಿಪುಣತನದಿಂದಲ್ಲ. ಹಿಂದೆ ಮನೆಮನೆಗೆ ಹೋಗಿ ‘ಐದೇ ವರ್ಷ’ ಎಂದು ಜನರಿಗೆ ಮಾತು ಕೊಟ್ಟವರು ಅವರೇ, ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಅವರಲ್ಲ. ಅಂಥವರ ಮೇಲೆ ಸಿಟ್ಟಾಗುವುದು ಕಷ್ಟ. ಆದರೂ ನನಗೆ ಸಿಟ್ಟು ಬಂದಿತ್ತು.

ಕಾರಣ ಅಕ್ಕ. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಿಂದಿನ ಬೇಸಿಗೆಯಲ್ಲಿ ತುಂಬಿದ ಕೊಡ ಹೊತ್ತು ಬಾವಿಯ ಮೆಟ್ಟಿಲು ಏರುವಾಗ ಜಾರಿ ಬಿದ್ದು ನಡುವಿಗೆ ಪೆಟ್ಟು ಮಾಡಿಕೊಂಡಿದ್ದಳು. ಮನೆಯೊಳಗೆ ಓಡಾಡುತ್ತಿದ್ದಳು, ಬಾವಿಗೆ ಇಳಿಯಲಾರಳು. ಮನೆಯ ನೀರೆಲ್ಲ ನನ್ನ ತಲೆಯ ಮೇಲೆ ಬಂತು. ಅದು ನನಗೆ ಭಾರವಾಗಲಿಲ್ಲ. ನಾನು ಕೊಡ ಇಳಿಸುವಾಗೆಲ್ಲ ಅಕ್ಕ ತಪ್ಪು ಮಾಡಿದವಳಂತೆ ಮುಖ ಆಚೆ ತಿರುಗಿಸುತ್ತಿದ್ದಳು, ಅದು ಭಾರವಾಯಿತು. ‘ಕುಂತು ಉಣ್ಣೂ ಬಾಳು ಆತು ನೋಡು ನಂದು’ ಎನ್ನುತ್ತಿದ್ದಳು. ಓಣಿಯ ಮೂಲೆಗೆ ಒಂದು ನಳ ಬಂದರೆ ಅವಳು ತನ್ನ ಕೊಡ ತಾನು ತುಂಬಿಕೊಂಡಾಳು ಎಂಬುದೇ ನನ್ನ ಆಸೆ. ಇದನ್ನು ಕಂಬಕ್ಕೆ ಎಷ್ಟು ಸಲ ಹೇಳಿದರೂ ಆಚೆಯಿಂದ ಹ್ಞೂಂ ಬರಲಿಲ್ಲ.

ಸಭೆಯ ದಿನ ಇಬ್ಬರು ಸದಸ್ಯರು ಪಟ್ಟಿಯ ವಿಷಯಕ್ಕೆ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಅಧ್ಯಕ್ಷರು ಮೇಜು ಬಡಿದು, ‘ಒಬ್ಬರಿಗೊಬ್ಬರು ಮಾತಾಡೂಹಂಗಿಲ್ರಿ. ಕಾಯ್ದೆ ಅಂದ್ರ ಕಾಯ್ದೆ. ಯಾರಿಗೆ ಏನು ಹೇಳೂದಿದ್ರೂ ನನಗ ಹೇಳ್ರಿ’ ಎಂದರು.

ನನಗೆ ಒಳಗೊಳಗೇ ನಗು ಬಂತು. ಇವರ ಕಾಯ್ದೆ ನನಗೆ ಹನ್ನೊಂದು ವರ್ಷದ ರೂಢಿ. ಇಲ್ಲಿ ಕಂಬಕ್ಕೆ ಅಧ್ಯಕ್ಷರೆಂದು ಹೆಸರು, ಅಷ್ಟೇ.

ಸೆರಗು ಎಳೆದುಕೊಂಡು ಎರಡು ಹೆಜ್ಜೆ ಮುಂದೆ ಬಂದೆ. ‘ಅಧ್ಯಕ್ಷರ, ಹಿರೇರು ಕೊಟ್ಟ ಮಾತು ಉಳಿಸಬೇಕಂತಾರ. ಖರೇ ಐತಿ. ಆದ್ರ ಆವತ್ತ ಕೊಟ್ಟ ಮಾತು ಎರಡು. ಪಟ್ಟಿ ಐದ ವರ್ಷ ಅನ್ನೂದು ಒಂದು, ಎಲ್ಲಾ ಓಣಿಗೂ ನಳ ಅನ್ನೂದು ಇನ್ನೊಂದು. ಒಂದನ್ನ ಉಳಿಸಿ ಇನ್ನೊಂದು ಮುರದ್ರ ಮಾತು ಉಳದಂಗ ಹ್ಯಾಂಗಾತ್ರಿ? ನಮ್ಮ ಮನಿ ಹೆಣಮಗಳು ಬಾವಿ ಪಾವಟಿಗಿ ಮ್ಯಾಲೆ ಬಿದ್ದಾಳ. ನಾಳೆ ಇನ್ನೊಬ್ಬಾಕಿ ಬೀಳ್ತಾಳ. ಇದನ್ನ ಅವರಿಗೆ ತಿಳಿಸಿ ಹೇಳ್ರಿ.’

ಠರಾವಿಗೆ ಒಪ್ಪುವವರು ಕೈ ಎತ್ತಬೇಕೆಂದು ಅಧ್ಯಕ್ಷರು ಹೇಳಿದರು. ಗುಮಾಸ್ತರು ಎಣಿಸಿದರೆ ಎತ್ತಿದ ಕೈ, ಎತ್ತದ ಕೈ ಸಮ ಸಮ. ಉಳಿದವಳು ನಾನು. ಭಾವನ ಕೈ ಅವರ ಮೊಣಕಾಲ ಮೇಲೆಯೇ ಇತ್ತು. ಅದನ್ನು ನೋಡಿಯೇ ಏಳುವ ರೂಢಿಯಾಗಿದ್ದ ನನ್ನ ಕೈಗೆ ಏಳುವುದೇ ಮರೆತಂತಾಯಿತು. ಹೇಗೋ ಎತ್ತಿದೆ. ಬಳೆಗಳು ಮೊಣಕೈವರೆಗೆ ಜಾರಿ ಸದ್ದು ಮಾಡಿದವು. ಠರಾವು ಪಾಸಾಯಿತು.

ಮನೆಗೆ ಬರುವಾಗ ಭಾವ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಅಷ್ಟು ಹೆದರಿದ್ದು ನಾನು ಮದುವೆಯ ದಿನವೂ ಇಲ್ಲ. ಸಂಜೆ ರೊಟ್ಟಿ ಆಗಿವೆ ಎಂದು ಕಂಬಕ್ಕೆ ಹೇಳಿದೆ. ಹ್ಞೂಂ ಬರಲಿಲ್ಲ, ಆದರೆ ಎದ್ದು ಬಂದು ಉಂಡರು. ‘ಮನಿ ಮಾತು ಊರ ಮುಂದ ಹಾಕಿ ಬಂದೀಯಲ್ಲ’ ಎಂದು ಅಕ್ಕ ನನ್ನನ್ನು ಬೈದಳು, ಬೈಯುತ್ತಲೇ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಮರುವಾರ ಭಾವ ಮತ್ತೆ ಮನೆಮನೆಗೆ ಹೋದರು. ತಾವು ಬೇಡವೆಂದ ಪಟ್ಟಿಯನ್ನು ಇನ್ನೂ ಮೂರು ವರ್ಷ ಕೊಡಬೇಕಾಗಿದೆ ಎಂದು ತಾವೇ ತಿಳಿಸಿ ಬಂದರು. ಆವತ್ತು ನನ್ನ ಸಿಟ್ಟೆಲ್ಲ ಇಳಿಯಿತು. ಹ್ಞೂಂ ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ.

ಮುಂದಿನ ಬೇಸಿಗೆಗೆ ಮೊದಲೇ ನಮ್ಮ ಓಣಿಯ ಮೂಲೆಯಲ್ಲಿ ನಳ ನಿಂತಿತು. ನೀರು ಬಿಟ್ಟ ಮುಂಜಾನೆ ಓಣಿಯ ಹೆಂಗಸರೆಲ್ಲ ಪಾಳಿ ಹಚ್ಚಿ ಸಾಲಾಗಿ ನಿಂತಿದ್ದರು. ಅಕ್ಕ ನಿಧಾನವಾಗಿ ನಡೆದು ಬಂದಳು. ಸಣ್ಣ ಕೊಡ ತರುತ್ತಾಳೆ ಅಂದುಕೊಂಡರೆ ತನ್ನ ಹಳೆಯ ದೊಡ್ಡ ತಾಮ್ರದ ಕೊಡವನ್ನೇ ಹುಣಸೆಹಣ್ಣು ಹಚ್ಚಿ ಬೆಳಗಿ ತಂದಿದ್ದಳು. ನಳ ತಿರುವಿದ್ದೂ ಅವಳೇ, ತುಂಬಿದ್ದೂ ಅವಳೇ. ಕಂಠಮಟ ತುಂಬಿದ ಮೇಲೆ ನನ್ನ ಕಡೆ ನೇರವಾಗಿ ನೋಡಿ ನಕ್ಕಳು. ನನಗೆ ಕಣ್ಣು ತುಂಬಿ ಬಂತು.

ತುಂಬಿಸಿದಳು ಸರಿ, ಹೊರುವವರು ಯಾರು? ನಾನು ಬಗ್ಗಿ ಕೊಡಕ್ಕೆ ಕೈ ಹಾಕಿದೆ. ಹಿಂದಿನಿಂದ ಭಾವ ಬಂದದ್ದು ಗೊತ್ತೇ ಆಗಿರಲಿಲ್ಲ. ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದೆ. ಅವರು ನನ್ನ ಕಡೆ ನೋಡಲಿಲ್ಲ. ನಳದ ಕಡೆ ಮುಖ ಮಾಡಿ, ಓಣಿಗೆಲ್ಲ ಕೇಳುವಂತೆ ಹೇಳಿದರು: ‘ಆವತ್ತ ಸಭಾದಾಗ ಆಡಿದ ಮಾತು ಖರೇ ಇತ್ತಂತ ಹೇಳ್ರಿ. ಕೊಡ ಅಲ್ಲೇ ಬಿಡಂತ ಹೇಳ್ರಿ. ನಾ ಒಯ್ತೇನಿ.’

ನಾನೂ ನಳಕ್ಕೇ ‘ಹ್ಞೂಂ’ ಎಂದೆ. ಭಾವ ಕೊಡವನ್ನು ಹೆಗಲಿಗೇರಿಸಿ, ಧೋತರ ತೋಯಿಸಿಕೊಳ್ಳುತ್ತ, ಅಕ್ಕನ ಹಿಂದೆ ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಮನೆಯ ಕಡೆ ನಡೆದರು.