ಗವಿಯ ಕಡೆಯ ದಾರಿ

ಆಗ ನಾನು ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮೈಸೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಬೇಕು, ಕಾಡಿನ ಕರಡಿಯನ್ನು ಹತ್ತಿರದಿಂದ ನೋಡಬೇಕು ಎಂಬುದು ಅವರ ಆಸೆ. ಏರ್ಪಾಡೆಲ್ಲ ನನ್ನ ತಲೆಯ ಮೇಲೆ ಬಿತ್ತು. ಕರಡಿ ಕಾಣುವ ಗವಿಯ ಕಡೆಯಿಂದ ಹತ್ತುವುದು, ಡೇರೆ ಎಲ್ಲಿ, ನೀರು ಹೊರುವವರು ಯಾರು, ಯಾವ ಹೊತ್ತಿಗೆ ಎಲ್ಲಿಗೆ ಮುಟ್ಟಬೇಕು ಎಂದು ಮೂರು ಹಾಳೆ ಬರೆದು ಮೈಸೂರಿಗೆ ಕಳಿಸಿದೆ. ಆ ಬೆಟ್ಟವನ್ನು ನಾನು ಒಮ್ಮೆಯೂ ಹತ್ತಿದವನಲ್ಲ.

ದಾರಿ ತೋರಿಸಲು ಬೆಟ್ಟದ ಬುಡದ ಹಳ್ಳಿಯಿಂದ ಜೇನು ಕೀಳುವ ಮುದುಕನೊಬ್ಬನನ್ನು ಕರೆಸಿದೆ. ನಾನು ಬರೆದದ್ದನ್ನು ಓದಿ ಹೇಳಿದಾಗ ಅವನು ತಲೆ ಅಲ್ಲಾಡಿಸಿದ.

“ಗವಿ ಕಡೆ ಬ್ಯಾಡ ಸ್ವಾಮಿ. ಅಲ್ಲಿ ಮರಿ ಹಾಕಿರೋ ಕರಡಿ ಐತೆ. ಮೆಟ್ಲು ಕಡೆಯಿಂದ ಹತ್ತಾನ, ದೂರದಿಂದ್ಲೇ ತೋರಿಸ್ತೀನಿ.”

“ಆಗಲ್ಲ ಯಜಮಾನ. ಅವ್ರು ಇದನ್ನೇ ಒಪ್ಪಿದಾರೆ.”

ಅವನು ಕೋಲು ಊರಿ ಎದ್ದ. “ನೀವು ಹೇಳಿದ್ ಮ್ಯಾಲೆ ಬರ್ತೀನಿ. ಆದ್ರೆ ಈ ಮಾತು ಅವ್ರ ಕಿವಿಗೆ ಹಾಕ್ರಿ.”

ಹಾಕುತ್ತೇನೆಂದೆ. ಹಾಕಲಿಲ್ಲ. ನನ್ನ ಏರ್ಪಾಡನ್ನು ಅಧಿಕಾರಿ ಕಾಗದ ಬರೆದು ಹೊಗಳಿದ್ದರು; ಅದರಲ್ಲಿ ತಪ್ಪಿದೆ ಎನ್ನಲು ಮನಸ್ಸಾಗಲಿಲ್ಲ.

ಅಧಿಕಾರಿ ಬಂದ ಮರುದಿನ ಬಿಸಿಲೇರುವ ಹೊತ್ತಿಗೆ ಗವಿಯ ಹತ್ತಿರ ಬಂದೆವು. ಅಧಿಕಾರಿ ದುರ್ಬೀನು ಹಿಡಿದು ಬಂಡೆ ಹತ್ತುವಾಗ ಕಲ್ಲೊಂದು ಉರುಳಿತು. ಗವಿಯೊಳಗೆ ಮರಿಗಳು ಕಿರುಚಿದವು, ತಾಯಿ ಕರಡಿ ನುಗ್ಗಿ ಬಂತು. ಮುದುಕ ಅಡ್ಡ ನಿಂತು ಕೋಲು ಬೀಸಿದ. ಮುಂದಿನದು ನನಗೆ ಕಾಣಲಿಲ್ಲ, ನಾನು ಓಡಿದ್ದೆ. ತಿರುಗಿ ಬಂದಾಗ ಕರಡಿ ಇರಲಿಲ್ಲ. ಅವನ ಎಡಗಣ್ಣು ಹೋಗಿತ್ತು, ಕೆನ್ನೆ ಹರಿದು ಜೋತಾಡುತ್ತಿತ್ತು.

ರುಮಾಲಿನಿಂದ ಕಟ್ಟಿ, ಡೋಲಿಯಲ್ಲಿ ಹೊತ್ತು ಇಳಿಸಿದೆವು. ಕೆಳಗೆ ಅಧಿಕಾರಿ ನನ್ನನ್ನು ಕೇಳಿದರು: “ಮರಿಗಳಿರೋದು ಇವನಿಗೆ ಗೊತ್ತಿರಲಿಲ್ಲವೇ?”

“ಇರಲಿಲ್ಲ ಅಂತ ಕಾಣುತ್ತೆ” ಎಂದೆ.

ಡೋಲಿಯಲ್ಲಿದ್ದವನಿಗೆ ಎಚ್ಚರವಿತ್ತು. ಉಳಿದ ಕಣ್ಣಿನಿಂದ ನನ್ನ ಕಡೆ ನೋಡಿದ.

ಅವನು ಬದುಕಿಕೊಂಡ. ಎರಡು ತಿಂಗಳ ಮೇಲೆ ಅವನ ಮನೆಗೆ ಹೋದೆ. ಹೆಂಡತಿ ಚಾಪೆ ಹಾಸಿ ಮಜ್ಜಿಗೆ ತಂದಳು. “ನಿಮ್ಮ ಯಜಮಾನ್ರು ಬೇಡ ಅಂದಿದ್ರು. ನಾನೇ ಕೇಳಲಿಲ್ಲ” ಎಂದು ಅವಳಿಗೆ ಹೇಳಿದೆ. ಅವಳು ಗಂಡನ ಮುಖ ನೋಡಿದಳು. ಅವನು ಮನೆಯಲ್ಲೂ ಹೇಳಿರಲಿಲ್ಲ.

“ಇದನ್ನ ಅವತ್ತು ಅವ್ರ ಮುಂದೆ ಹೇಳಬೇಕಿತ್ತು ಸ್ವಾಮಿ,” ಎಂದ ಅವನು. “ಕಣ್ಣು ಹೋದದ್ದು ಹೋಯ್ತು. ಊರಾಗೆ ನಂಗೆ ಬೆಟ್ಟ ಗೊತ್ತಿಲ್ಲ ಅಂತಾರೆ. ಜೇನಿಗೂ ಯಾರೂ ಜತಿಗೆ ಬರಲ್ಲ.”

ಅಧಿಕಾರಿಗೆ ನಿಜ ಬರೆಯುತ್ತೇನೆಂದು ಮಾತು ಕೊಟ್ಟು ಎದ್ದೆ. ಆ ವಾರವೇ ಚಳ್ಳಕೆರೆಗೆ ವರ್ಗವಾಯಿತು, ಜೊತೆಗೆ ಬಡ್ತಿ. ಶಿಫಾರಸು ಆ ಅಧಿಕಾರಿಯದೇ ಎಂದು ಕಚೇರಿಯಲ್ಲಿ ಹೇಳಿದರು. ನಾನು ಕಾಗದ ಬರೆಯಲಿಲ್ಲ.